ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ

ಮನೆಯಲ್ಲೇ ಮರಗೆಲಸ ಮಾಡುವವರು, ಹಳೇ ಮೇಜು ಕುರ್ಚಿಗೆ ಎಣ್ಣೆ ಪಾಲಿಶ್ ಹಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನಾನು ಕೆಲಸ ಮಾಡುವ ಶೆಡ್ಡಿಗೆ ಬೆಂಕಿ ಬಿತ್ತು. ಯಾರೂ ಕಡ್ಡಿ ಗೀರಿರಲಿಲ್ಲ. ವೈರ್ ಸುಟ್ಟಿರಲಿಲ್ಲ. ಅಗಸೆ ಎಣ್ಣೆ ಒರೆಸಿದ ಐದಾರು ಬಟ್ಟೆ ಚೂರುಗಳು ಡಬ್ಬಿಯೊಳಗೆ ತಾವಾಗಿಯೇ ಹೊತ್ತಿಕೊಂಡವು. ಹೀಗೂ ಆಗುತ್ತೆ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಅಜ್ಜನ ಕಾಲದ ಕೋವಿ ಸ್ಟ್ಯಾಂಡ್ ಒಂದು ಅಟ್ಟದಲ್ಲಿ ಬಿದ್ದಿತ್ತು. ಕೋವಿಗಳು ಮನೆ ಬಿಟ್ಟು ಹೋಗಿ ಎಷ್ಟೋ ವರ್ಷವಾಗಿದೆ, ಸ್ಟ್ಯಾಂಡ್ ಮಾತ್ರ ಉಳಿದಿತ್ತು. ಎರಡು ಕಂಬ. ಕೆಳಗೆ ಕೋವಿಯ ಹಿಡಿ ಊರಲು ತೋಡಿದ ಹಲಗೆ. ಮೇಲೆ ನಳಿಗೆ ಒರಗಲು ಅರ್ಧಚಂದ್ರದ ಹಾಗೆ ಕೊರೆದ ನಾಲ್ಕು ಕಚ್ಚು. ಧೂಳು ಒರೆಸಿದ ಮೇಲೆ ನೋಡಿದರೆ ನಾಲ್ಕೂ ಕಚ್ಚು ಒಂದೇ ಅಳತೆಯವಲ್ಲ. ಮೂರನೆಯದು ಜಾಸ್ತಿ ಅಗಲ, ಅದು ಜೋಡಿ ನಳಿಗೆಯ ಕೋವಿಗೆ. ಎರಡನೆಯದರ ಬಲ ಅಂಚು ಸವೆದು ನುಣ್ಣಗಾಗಿ, ಒಂದು ಕಡೆಗೆ ಇಳಿಜಾರಾಗಿತ್ತು. ಅಜ್ಜ ದಿನಾ ಕೈಗೆತ್ತಿಕೊಳ್ಳುತ್ತಿದ್ದ ಕೋವಿಯ ಜಾಗ ಅದೇ ಇರಬೇಕು. ಕಚ್ಚಿಗೆ ಹೊದಿಸಿದ್ದ ಹಳೇ ಮಕಮಲ್ಲು ಬಿಡಿಸಿದಾಗ ಅಡಿಯಲ್ಲಿ ಬಡಗಿ ಎಳೆದ ಪೆನ್ಸಿಲ್ ಗೆರೆ ಹಾಗೇ ಇತ್ತು. ಒಂದು ಕಡೆ ಉಳಿ ಜಾರಿ ಗೆರೆ ದಾಟಿದ ಗಾಯವೂ ಇತ್ತು. ಅದನ್ನು ತುಂಬಿಸಲು ನನಗೆ ಮನಸ್ಸು ಬರಲಿಲ್ಲ.

ಕೆಲಸ ನಿಧಾನಕ್ಕೇ ಮಾಡಿದೆ. ಕಾಣದ ಜಾಗದಲ್ಲಿ ಹತ್ತಿಯಿಂದ ಸ್ವಲ್ಪ ಸ್ಪಿರಿಟ್ ಹಚ್ಚಿ ನೋಡಿದೆ. ಮೇಲಿನ ಹೊಳಪು ಕರಗಿ ಅಂಟಂಟಾಯಿತು, ಅಂದರೆ ಅದು ಅರಗಿನ ಪಾಲಿಶ್. ಅದನ್ನು ಸ್ಪಿರಿಟ್ಟಿನಲ್ಲೇ ತೆಗೆಯಬಹುದು, ಮರ ಉಜ್ಜಿ ಸವೆಸಬೇಕಾಗಿಲ್ಲ. ಕೆಳಗಿನ ಹಲಗೆಗೆ ಯಾರೋ ಆಮೇಲೆ ಹಸಿರು ಬಣ್ಣ ಬಳಿದಿದ್ದರು. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುತ್ತೆ, ಅದನ್ನು ಒಣಗಿದ್ದಂತೆಯೇ ಉಜ್ಜಿದರೆ ಪುಡಿ ಉಸಿರಿನಲ್ಲಿ ಒಳಗೆ ಹೋಗುತ್ತೆ. ಹಾಗಾಗಿ ಮಾಸ್ಕ್ ಹಾಕಿಕೊಂಡು, ನೀರು ಸವರಿ, ಒದ್ದೆಯಲ್ಲೇ ಕೆರೆದು ತೆಗೆದೆ. ಮಕಮಲ್ಲಿಗೆ ಹೊಡೆದಿದ್ದ ಕಬ್ಬಿಣದ ಮೊಳೆಗಳ ಸುತ್ತ ಮರ ಕಪ್ಪಾಗಿತ್ತು. ಅದಕ್ಕೆ ಆಕ್ಸಾಲಿಕ್ ಆಸಿಡ್ ಹಚ್ಚಿ ಚೆನ್ನಾಗಿ ತೊಳೆದೆ. ಇಷ್ಟೆಲ್ಲ ಓದಿ, ಕೇಳಿ, ಹುಷಾರಾಗಿ ಮಾಡಿದವನು ಕೊನೆಯ ಕೆಲಸದಲ್ಲಿ ತಪ್ಪಿದೆ.

ಕೋವಿಯ ಮರದ ಹಿಡಿಗೆ ಹಿಂದಿನಿಂದಲೂ ಹಚ್ಚುವುದು ಅಗಸೆ ಎಣ್ಣೆಯನ್ನೇ. ಸ್ಟ್ಯಾಂಡಿಗೂ ಅದೇ ಸರಿ ಅನ್ನಿಸಿತು. 'ಬಾಯ್ಲ್ಡ್' ಅಂತ ಬರೆದಿರುವ ಡಬ್ಬ ತಂದೆ. ಹೆಸರು ಹಾಗಿದ್ದರೂ ಈಗ ಸಿಗುವುದರಲ್ಲಿ ಹೆಚ್ಚಿನದು ಬರೀ ಕುದಿಸಿದ ಎಣ್ಣೆಯಲ್ಲ, ಬೇಗ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸಿರುತ್ತಾರೆ. ಧಾರಾಳವಾಗಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದ ಎಣ್ಣೆಯನ್ನು ಹಳೇ ಬನಿಯನ್ ಬಟ್ಟೆಯಿಂದ ಒರೆಸಿದೆ. ಒಂದೊಂದು ಚೂರೂ ತೊಯ್ದು ಹೋದ ಹಾಗೆ ಮುದ್ದೆ ಮಾಡಿ ಬೆಂಚಿನ ಕೆಳಗಿದ್ದ ಪ್ಲಾಸ್ಟಿಕ್ ಕಸದ ಡಬ್ಬಿಗೆ ಹಾಕುತ್ತಾ ಬಂದೆ. ಡಬ್ಬಿಯಲ್ಲಿ ಅರ್ಧದಷ್ಟು ಗರಗಸದ ಪುಡಿ ಇತ್ತು. ಹಸಿ ಎಣ್ಣೆಯ ಮೇಲೆ ಧೂಳು ಕೂರಬಾರದು ಅಂತ ಕಿಟಕಿ, ಬಾಗಿಲು ಎಲ್ಲಾ ಮುಚ್ಚಿ ಸಂಜೆ ಆರಕ್ಕೆ ಹೊರಗೆ ಬಂದೆ.

ರಾತ್ರಿ ಹತ್ತೂವರೆ ಇರಬಹುದು. ಅಮ್ಮ ಎದ್ದು ಬಂದರು. "ಏನೋ ಸೀದ ವಾಸನೆ ಬರ್ತಿದೆ ನೋಡೋ, ಒಲೆ ಮೇಲೆ ಏನಾದ್ರೂ ಬಿಟ್ಟಿದೀಯಾ?" ಒಲೆ ಆರಿತ್ತು. ಹಿಂದಿನ ಬಾಗಿಲು ತೆಗೆದಾಗ ಘಾಟು ಮೂಗಿಗೆ ಹೊಡೆಯಿತು. ಶೆಡ್ಡಿನ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಒಳಗೆ ಬೆಂಕಿ ಇರಲಿಲ್ಲ, ಬರೀ ದಟ್ಟ ಹೊಗೆ. ಟಾರ್ಚ್ ಬೆಳಕಿನಲ್ಲಿ ಡಬ್ಬಿಯ ಒಂದು ಪಕ್ಕ ಕರಗಿ ಕುಸಿದಿದ್ದು ಕಾಣಿಸಿತು. ಗುದ್ದಲಿಯಿಂದ ಅದನ್ನು ಹೊರಗೆಳೆಯಲು ನೋಡಿದೆ. ಮುದ್ದೆ ಬಿಚ್ಚಿಕೊಂಡು ಗಾಳಿ ತಾಗಿದ್ದೇ ತಡ, ಭಗ್ ಅಂತ ಸೊಂಟದೆತ್ತರಕ್ಕೆ ಉರಿ ಎದ್ದಿತು. ಗರಗಸದ ಪುಡಿ ಹಿಡಿಯಿತು. ಪಕ್ಕಕ್ಕೆ ಒರಗಿಸಿದ್ದ ಸ್ಟ್ಯಾಂಡಿನ ಎಡ ಕಂಬ ಹಿಡಿಯಿತು. ಎರಡು ಮಾರು ದೂರದಲ್ಲಿ ಎಣ್ಣೆ ಡಬ್ಬ, ಸ್ಪಿರಿಟ್ ಬಾಟಲಿ.

ಅಮ್ಮ ಬಕೆಟ್ಟಿನಲ್ಲಿ ನೀರು ತಂದು ಕೊಟ್ಟಿದ್ದಕ್ಕೆ ಉಳಿದೆವು. ಏಳೆಂಟು ಬಕೆಟ್ ಸುರಿದ ಮೇಲೆ ಆರಿತು. ನನ್ನ ಬಲಗೈ ಮಣಿಕಟ್ಟು ಸುಟ್ಟಿತು. ಆ ಹೊಗೆಯಲ್ಲಿ ನಾನು ಒಳಗೆ ಕಾಲಿಡಲೇಬಾರದಿತ್ತು. ನಿಮಗೆ ಇಂಥದ್ದು ಆದರೆ ಹಾಗೆ ಮಾಡಬೇಡಿ. ಮನೆಯವರನ್ನು ಹೊರಗೆ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ. ಹೊಗೆಯಾಡುವ ಮುದ್ದೆಯನ್ನು ಅಂತೂ ಕೆದಕಲೇಬೇಡಿ. ಇನ್ನೊಂದು ವಿಷಯ. ಆರಿತು ಅಂದುಕೊಂಡ ಬಟ್ಟೆ ಮುದ್ದೆಯನ್ನು ಅರ್ಧ ಗಂಟೆ ಬಿಟ್ಟು ಕೋಲಿನಿಂದ ಬಿಡಿಸಿದರೆ ನಡುವೆ ಇನ್ನೂ ಕೆಂಡದ ಹಾಗೆ ಕೆಂಪಗಿತ್ತು. ಎಲ್ಲವನ್ನೂ ನೀರು ತುಂಬಿದ ಕಬ್ಬಿಣದ ಬಕೆಟ್ಟಿನಲ್ಲಿ ಮುಳುಗಿಸಿ ಬೆಳಗಿನವರೆಗೆ ಕಾದು ಕೂತೆ.

ಯಾಕೆ ಹೀಗಾಗುತ್ತೆ ಅಂತ ಆಮೇಲೆ ತಿಳಿದುಕೊಂಡೆ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತೆ. ಹಾಗೆ ಸೇರುವಾಗ ಬಿಸಿ ಹುಟ್ಟುತ್ತೆ. ಮರದ ಮೇಲೆ ತೆಳ್ಳಗೆ ಹಚ್ಚಿದ್ದರೆ ಆ ಬಿಸಿ ಗಾಳಿಗೆ ಹೋಗಿಬಿಡುತ್ತೆ, ಕೈಗೆ ಗೊತ್ತೇ ಆಗುವುದಿಲ್ಲ. ಬಟ್ಟೆಯಲ್ಲಿ ಹಾಗಲ್ಲ. ಒಂದೊಂದು ನೂಲಿನ ಎಳೆಗೂ ಎಣ್ಣೆ ಹತ್ತಿರುತ್ತೆ, ಗಾಳಿ ತಾಗುವ ಜಾಗ ಎಷ್ಟೋ ಪಟ್ಟು ಜಾಸ್ತಿ. ಮುದ್ದೆ ಮಾಡಿದರೆ ಒಳಗಿನ ಕಾವು ಹೊರಗೆ ಹೋಗುವ ದಾರಿಯೇ ಇಲ್ಲ. ಬಣವೆಯ ಒಳಗೆ ಕೈ ಹಾಕಿದರೆ ಬಿಸಿ ತಾಗುತ್ತಲ್ಲ, ಆ ಕಾವು ಹುಟ್ಟುವ ಕಾರಣ ಬೇರೆ, ಆದರೆ ಒಳಗೆ ಸಿಕ್ಕಿಕೊಳ್ಳುವ ರೀತಿ ಒಂದೇ. ಕಾವು ಏರಿದಷ್ಟೂ ಎಣ್ಣೆ ಇನ್ನೂ ಬೇಗ ಆಮ್ಲಜನಕ ಹೀರುತ್ತೆ, ಇನ್ನೂ ಬಿಸಿಯಾಗುತ್ತೆ. ಬೇಗ ಒಣಗಲಿ ಅಂತ ಬೆರೆಸಿದ ಲವಣ ಇದನ್ನೂ ಬೇಗ ಮಾಡಿಸುತ್ತೆ. ಕೆಲವೇ ಗಂಟೆ ಸಾಕು. ಮುಚ್ಚಿದ ಶೆಡ್ಡಿನ ಸೆಖೆಯೂ ಅವತ್ತು ಸೇರಿಕೊಂಡಿತು.

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿ ಅಂದುಕೊಳ್ಳಬೇಡಿ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಅನ್ನುವ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಶುರುವಾಗಿದ್ದು 22ನೇ ಮಹಡಿಯಲ್ಲಿ, ಮರದ ಹಲಗೆಗಳಿಗೆ ಪಾಲಿಶ್ ಮಾಡಿದವರು ಬಿಟ್ಟು ಹೋದ ಅಗಸೆ ಎಣ್ಣೆ ಬಟ್ಟೆಯಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ನಮ್ಮ ಮನೆಯಲ್ಲಿ ಅಮ್ಮ ಎದ್ದಿರದಿದ್ದರೆ ಅನ್ನುವ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಈಗ ನಾನು ಮಾಡುತ್ತಿರುವುದು ಇಷ್ಟು. ಒರೆಸಿದ ಪ್ರತಿ ಚೂರನ್ನೂ ಆಗಿಂದಾಗಲೇ ಹೊರಗೆ ಒಯ್ದು, ಮಡಚದೆ, ಒಂದರ ಮೇಲೊಂದು ಬೀಳದ ಹಾಗೆ ತಂತಿಯ ಮೇಲೆ ಬಿಡಿಸಿ ಹಾಕುತ್ತೇನೆ. ಇಲ್ಲವೇ ಕಲ್ಲು ನೆಲದ ಮೇಲೆ ಹರಡುತ್ತೇನೆ. ಹಪ್ಪಳದ ಹಾಗೆ ಗರಿಗರಿಯಾಗಿ ಒಣಗಿದ ಮೇಲೆಯೇ ಕಸಕ್ಕೆ. ಹೊರಗೆ ಜಾಗ ಇಲ್ಲದವರು ಬಿಗಿ ಮುಚ್ಚಳದ ಲೋಹದ ಡಬ್ಬದಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ. ಬರೀ ಬಟ್ಟೆಯಲ್ಲ, ಎಣ್ಣೆ ಹತ್ತಿದ ಸ್ಟೀಲ್ ವೂಲ್, ಪೇಪರ್, ಗರಗಸದ ಪುಡಿ ಎಲ್ಲಕ್ಕೂ ಇದೇ ನಿಯಮ. ಟಂಗ್ ಎಣ್ಣೆ, ಡ್ಯಾನಿಶ್ ಎಣ್ಣೆ, ಎಣ್ಣೆಯ ವಾರ್ನಿಶ್, ಎಣ್ಣೆಯ ಸ್ಟೇನ್ ಬಳಸಿದರೂ ಅಷ್ಟೇ. ಕೋವಿಯ ಕಬ್ಬಿಣಕ್ಕೆ ಸವರುವ ಖನಿಜ ಎಣ್ಣೆ ಹೀಗೆ ತಾನಾಗಿ ಕಾಯುವುದಿಲ್ಲ. ಹಾಗಂತ ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ.

ನಾನು ತಂದ ಡಬ್ಬದ ಹಿಂಭಾಗದಲ್ಲಿ ಈ ಎಚ್ಚರಿಕೆ ಬರೆದೇ ಇತ್ತು. ಇರುವೆ ಸಾಲಿನಂಥ ಅಕ್ಷರ. ಓದಿರಲಿಲ್ಲ.

ಸ್ಟ್ಯಾಂಡಿನ ಎಡ ಕಂಬ ಕೆಳಗಿನಿಂದ ಒಂದು ಗೇಣು ಇದ್ದಿಲಾಗಿತ್ತು. ಅಷ್ಟನ್ನು ಕೊಯ್ದು ಹಳೇ ಮರದ ತುಂಡೊಂದನ್ನು ಬೆಸೆದಿದ್ದೇನೆ. ಬಣ್ಣ ಹೊಂದಿಲ್ಲ. ಮೇಲಿನ ಕಚ್ಚುಗಳಿಗೆ ಏನೂ ಆಗಿಲ್ಲ, ಸವೆದ ಆ ಎರಡನೆಯದಕ್ಕೂ. ಈ ಒಂದೆರಡು ದಿನದಲ್ಲಿ ನೀವು ಯಾವುದಕ್ಕಾದರೂ ಎಣ್ಣೆ ಹಚ್ಚಿದ್ದರೆ, ಒರೆಸಿದ ಬಟ್ಟೆ ಎಲ್ಲಿದೆ ಅಂತ ಈಗಲೇ ಎದ್ದು ಹೋಗಿ ನೋಡಿ.