ಇಂಜಿನ್ ಮಿಸ್ಸಿಂಗ್, ಆಯಿಲ್ ಲೀಕ್: ಪರೀಕ್ಷೆ ಮಾಡದೆ ಪಾರ್ಟ್ ಬದಲಿಸಲು ಬಿಡಬೇಡಿ

ಹಳೇ ಕಾರು ಇಟ್ಟುಕೊಂಡಿರುವ ಎಲ್ಲರಿಗೂ ಈ ಮಾತು. ಇಂಜಿನ್ ಮಿಸ್ ಹೊಡೆಯುತ್ತಿದೆ (ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ), ಜೊತೆಗೆ ಆಯಿಲ್ ಕೂಡ ಸೋರುತ್ತಿದೆ ಅಂದಾಗ ಗ್ಯಾರೇಜಿನವರು ಇವೆರಡೂ ಬೇರೆ ಬೇರೆ ತೊಂದರೆ ಅಂತ ಹೇಳಬಹುದು. ತಕ್ಷಣ ಒಪ್ಪಿಕೊಳ್ಳಬೇಡಿ. ನನ್ನ ಕಾರಿನಲ್ಲಿ ಎರಡಕ್ಕೂ ಕಾರಣ ಒಂದೇ, ಟ್ಯಾಪೆಟ್ ಕವರ್ ಪ್ಯಾಕಿಂಗ್, ಅಂದರೆ ಇಂಜಿನ್ ಮೇಲಿನ ಮುಚ್ಚಳದ ಅಂಚಿಗೆ ಹಾಕುವ ರಬ್ಬರ್ ಸೀಲ್. ಅದೊಂದನ್ನು ಬಿಟ್ಟು ಸುತ್ತಮುತ್ತ ಇರುವುದನ್ನೆಲ್ಲ ಬದಲಿಸಿದರು. ಕೊನೆಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಯಿತು.

ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಕಿಡಿ ಹಾರಿಸುವ ಒಂದೊಂದು ಪ್ಲಗ್‌ಗೂ ಅದಕ್ಕೆ ಕರೆಂಟ್ ಕೊಡುವ ಒಂದೊಂದು ಕಾಯಿಲ್. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ಪೂರ್ತಿ ಅದುರುತ್ತಿತ್ತು. ಏರಿನಲ್ಲಿ ಪಿಕಪ್ ಸಿಗುತ್ತಿರಲಿಲ್ಲ, ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತಿತ್ತು. ನಿಲ್ಲಿಸಿದ ಜಾಗದಲ್ಲಿ ಕಪ್ಪು ಆಯಿಲ್ ಹನಿ, ಅದೂ ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಸರಿಯಾಗಿ ಕೆಳಗೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಆಯಿಲ್ ಸುಟ್ಟ ವಾಸನೆ. ಇಷ್ಟನ್ನೂ ಗ್ಯಾರೇಜಿನಲ್ಲಿ ಬಿಡಿಸಿ ಹೇಳಿದ್ದೆ.

ಅವರು ಸ್ಕ್ಯಾನರ್ ಹಾಕಿದರು. ಪಿ0303 ಅಂತ ಬಂತು. ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಆ ಕೋಡ್ ಹೇಳುವುದು ಅಷ್ಟೇ. ಯಾವ ಸಿಲಿಂಡರ್ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ. ಆದರೆ ಕೋಡ್ ನೋಡಿದ ತಕ್ಷಣ ಪ್ಲಗ್ ಬದಲಿಸಿದರು. ಮತ್ತೆ ಮಿಸ್ ಶುರುವಾಯಿತು, ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಕ್ಲೀನ್ ಮಾಡಿದರು. ಅದಕ್ಕೂ ಜಗ್ಗಲಿಲ್ಲ, ಕಾಯಿಲ್ ಬದಲಿಸಿದರು. ಹೊಸ ಕಾಯಿಲ್ ಹಾಕಿದ ಮೇಲೆ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಅದೇ ಅದುರು ವಾಪಸ್. ಬಿಚ್ಚಿದ ಹಳೇ ಕಾಯಿಲ್ ಯಾಕೆ ಆಯಿಲ್ ಮೆತ್ತಿಕೊಂಡಿದೆ ಅಂತ ಅಲ್ಲಿ ಯಾರೂ ಯೋಚಿಸಲೇ ಇಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ಉತ್ತರ ಅವರ ಕೈಯಲ್ಲೇ ಇತ್ತು.

ಆಯಿಲ್ ಸೋರುವುದಕ್ಕೆ ಅವರು ಹೇಳಿದ್ದು ಬೇರೆ. ಕ್ರ್ಯಾಂಕಿನ (ಇಂಜಿನ್ ಕೆಳಭಾಗದಲ್ಲಿ ತಿರುಗುವ ಮುಖ್ಯ ಶಾಫ್ಟಿನ) ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಸೀಲ್ ಸಣ್ಣ ವಸ್ತು. ಖರ್ಚು ಇರುವುದೆಲ್ಲ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಯಲ್ಲಿ. ಆ ಕೆಲಸವೂ ಆಯಿತು. ಹನಿ ಮಾತ್ರ ನಿಲ್ಲಲಿಲ್ಲ.

ಇದರ ನಡುವೆ ಚೆಕ್ ಇಂಜಿನ್ ಲೈಟ್ ಮಿಣುಕಲು ಶುರುವಾಯಿತು. ಫೋನ್ ಮಾಡಿ ಕೇಳಿದೆ. "ಏನೂ ಆಗಲ್ಲ ಸರ್, ಓಡಿಸಿ, ಬಿಡುವಾದಾಗ ತನ್ನಿ" ಅಂದರು. ದಯವಿಟ್ಟು ಈ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಲೈಟ್ ಸುಮ್ನೆ ಉರಿಯುತ್ತಿದ್ದರೆ, ಬೇರೆ ಏನೂ ತೊಂದರೆ ಕಾಣದಿದ್ದರೆ, ನಿಧಾನವಾಗಿ ಓಡಿಸಿಕೊಂಡು ಹೋಗಿ ತೋರಿಸಬಹುದು. ಮಿಣುಕುತ್ತಿದ್ದರೆ ಕಥೆ ಬೇರೆ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹಾಗೇ ಸೈಲೆನ್ಸರ್ ಕಡೆ ಹೋಗಿ ಕನ್ವರ್ಟರಿನೊಳಗೆ ಉರಿಯುತ್ತದೆ. ಆ ಕಾವಿಗೆ ಒಳಗಿನ ಜೇನುಗೂಡಿನಂಥ ಭಾಗ ಕರಗಿ ಮುಚ್ಚಿಕೊಳ್ಳುತ್ತದೆ. ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ನನಗೆ ಆಗಿದ್ದು ಅದೇ. ಮಿಣುಕಿದ ಕೂಡಲೇ ಆಕ್ಸಿಲರೇಟರ್ ಸಡಿಲ ಬಿಡಿ. ಆದರೂ ಮಿಣುಕುತ್ತಲೇ ಇದ್ದರೆ ಪಕ್ಕಕ್ಕೆ ನಿಲ್ಲಿಸಿ, ಟೋ ಮಾಡಿಸಿ.

ಬೇರೆ ಮೆಕ್ಯಾನಿಕ್ ಹತ್ತಿರ ಹೋದಾಗ ಅವರು ಮೊದಲು ಮಾಡಿದ ಕೆಲಸ ಇಂಜಿನ್ ತೊಳೆದು ಒಣಗಿಸಿದ್ದು. ಅಷ್ಟೇ. ಆಮೇಲೆ ಸ್ವಲ್ಪ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ನೋಡುತ್ತಾ ಬಂದರು. ಟ್ಯಾಪೆಟ್ ಕವರಿನ ಹಿಂಬದಿ ಅಂಚಿನಲ್ಲಿ ಹಸಿ ಆಯಿಲ್ ಹೊಳೆಯುತ್ತಿತ್ತು. ಅದು ಇಂಜಿನ್ ಬೆನ್ನ ಮೇಲೆ ಇಳಿದು, ಗೇರ್‌ಬಾಕ್ಸ್ ಹೌಸಿಂಗ್ ಮೇಲೆ ಹರಿದು, ಕೆಳಗೆ ಬಂದು ತೊಟ್ಟಿಕ್ಕುತ್ತಿತ್ತು. ಕೆಳಗಿನಿಂದ ನೋಡಿದವರಿಗೆ ಕ್ರ್ಯಾಂಕ್ ಸೀಲ್ ಲೀಕ್ ಅಂತಲೇ ಕಾಣುತ್ತದೆ. ದಾರಿಯಲ್ಲಿ ಸ್ವಲ್ಪ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೂ ಬೀಳುತ್ತಿತ್ತು. ಆ ಸುಟ್ಟ ವಾಸನೆ ಅಲ್ಲಿಂದ ಬಂದದ್ದು.

ಆಮೇಲೆ ಮೂರನೇ ಕಾಯಿಲ್ ಎಳೆದು ನನ್ನ ಕೈಗೆ ಕೊಟ್ಟರು. ಅದರ ರಬ್ಬರ್ ಬೂಟು ಆಯಿಲ್ ಕುಡಿದು ಊದಿಕೊಂಡಿತ್ತು, ಒತ್ತಿದರೆ ಮೆತ್ತಗೆ. ಪ್ಲಗ್ ಇರುವ ಗುಂಡಿಯೊಳಗೆ ಆಯಿಲ್ ನಿಂತಿತ್ತು. ಹೊರಗೆ ತೆಗೆದ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಒಂದು ಸಣ್ಣ ಕಪ್ಪು ಗೆರೆ. ಕಿಡಿ ಪ್ಲಗ್ ತುದಿಗೆ ಹೋಗದೆ ಆ ಗೆರೆ ಹಿಡಿದು ಪಕ್ಕದ ಲೋಹಕ್ಕೆ ಹಾರುತ್ತಿತ್ತು. ಕವರ್ ಬಿಚ್ಚಿದಾಗ ಪ್ಯಾಕಿಂಗ್ ನೋಡಿದೆ. ರಬ್ಬರ್ ಅನ್ನುವ ಗುಣವೇ ಉಳಿದಿರಲಿಲ್ಲ, ಬೆರಳಲ್ಲಿ ಬಗ್ಗಿಸಿದರೆ ಚಟ್ ಅಂತ ಮುರಿಯಿತು. ವರ್ಷಗಟ್ಟಲೆ ಕಾವು ತಿಂದ ಇಂಜಿನ್‌ನಲ್ಲಿ ಇದು ಎಲ್ಲರಿಗೂ ಆಗುವುದೇ. ಅದಕ್ಕೇ ಹಳೇ ಕಾರಿನಲ್ಲಿ ಇದನ್ನು ಮೊದಲು ನೋಡಬೇಕು.

ಸೋರಿಕೆ ಹುಡುಕುವಾಗ ಹನಿ ಬೀಳುವ ಜಾಗ ಮುಖ್ಯ ಅಲ್ಲ. ಒದ್ದೆ ಇರುವ ಎಲ್ಲಕ್ಕಿಂತ ಮೇಲಿನ ಜಾಗ ಮುಖ್ಯ. ತೊಳೆಯದೆ, ಒಣಗಿಸದೆ ಗೇರ್‌ಬಾಕ್ಸ್ ಇಳಿಸೋಣ ಅಂದರೆ ಬೇಡ ಅನ್ನಿ. ಕಣ್ಣಿಗೆ ಸಿಗದ ಲೀಕ್ ಆದರೆ ಆಯಿಲ್‌ಗೆ ಡೈ ಬೆರೆಸಿ, ಓಡಿಸಿ, ಯುವಿ ಲೈಟಿನಲ್ಲಿ ನೋಡುವ ವಿಧಾನ ಇದೆ.

ಮಿಸ್‌ಫೈರ್‌ಗೆ ಹೊಸ ಪಾರ್ಟ್ ಕೊಳ್ಳದೆ ಮಾಡುವ ಪರೀಕ್ಷೆ ಅದಲು ಬದಲು. ಮೂರನೆಯದರ ಕಾಯಿಲ್ ಒಂದಕ್ಕೆ ಹಾಕಿ, ಒಂದರದ್ದು ಮೂರಕ್ಕೆ. ಕೋಡ್ ಅಳಿಸಿ ಓಡಿಸಿ. ಈಗ ಪಿ0301 ಬಂದರೆ ತಪ್ಪು ಕಾಯಿಲ್‌ನದ್ದು. ಪಿ0303 ಅಲ್ಲೇ ನಿಂತರೆ ಕಾಯಿಲ್ ಚೆನ್ನಾಗಿದೆ, ಪ್ಲಗ್ ಅದಲು ಬದಲು ಮಾಡಿ. ಅದಕ್ಕೂ ಕೋಡ್ ಜಾಗ ಬಿಡದಿದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಪರೀಕ್ಷಿಸಿ. ಕೆಲವು ಹಳೇ ಮಾಡೆಲ್‌ಗಳಲ್ಲಿ ಒಂದೇ ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುತ್ತದೆ, ಸಾಮಾನ್ಯವಾಗಿ 1 ಮತ್ತು 4, 2 ಮತ್ತು 3. ಆ ಜೋಡಿ ಎರಡೂ ಮಿಸ್ ಆಗುತ್ತಿದ್ದರೆ ಮೊದಲ ಅನುಮಾನ ಕಾಯಿಲ್ ಮೇಲೆ ಇರಲಿ.

ಮಿಸ್ ಯಾವಾಗ ಆಗುತ್ತದೆ ಅನ್ನುವುದನ್ನು ಗಮನಿಸಿ ಹೇಳಿ. ಐಡ್ಲಿಂಗ್‌ನಲ್ಲಿ ಜಾಸ್ತಿ, ರೇಸ್ ಮಾಡಿದರೆ ಸರಿಯಾಗುತ್ತದೆ ಅಂದರೆ ಎಲ್ಲೋ ಗಾಳಿ ಎಳೆಯುತ್ತಿರಬಹುದು, ಇನ್‌ಟೇಕ್ ಕಡೆಯ ಹೋಸ್ ಬಿರುಕು ಬಿಟ್ಟಿರಬಹುದು. ಇದನ್ನು ಹುಡುಕಲು ಇಂಜಿನ್ ಓಡುತ್ತಿರುವಾಗಲೇ ಕಾರ್ಬ್ ಕ್ಲೀನರ್ ಚಿಮುಕಿಸುವವರು ಇದ್ದಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಬೇಗ ಹೊತ್ತಿಕೊಳ್ಳುವ ದ್ರವ! ಬೆಂಕಿ ಹತ್ತಬಹುದು. ಅದರ ಬದಲು ಸ್ಮೋಕ್ ಟೆಸ್ಟ್ ಮಾಡಿಸಿ, ಒಳಗೆ ಹೊಗೆ ತುಂಬಿ ಎಲ್ಲಿಂದ ಹೊರಬರುತ್ತದೆ ಅಂತ ನೋಡುತ್ತಾರೆ.

ಕೂಲೆಂಟ್ ಕಡಿಮೆಯಾಗುತ್ತಾ ಹೋಗುತ್ತಿದೆ, ಹೊರಗೆ ಎಲ್ಲೂ ಸೋರುತ್ತಿಲ್ಲ, ಬೆಳಗಿನ ಹೊತ್ತು ಮಿಸ್ ಹೊಡೆದು ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ. ಹೀಗಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಮೇಲ್ಭಾಗವಾದ ಹೆಡ್‌ನ ಕೆಳಗಿನ ಸೀಲ್) ಕಡೆ ನೋಡಬೇಕು. ರಾತ್ರಿಯೆಲ್ಲ ಕೂಲೆಂಟ್ ಸಿಲಿಂಡರಿಗೆ ಜಿನುಗಿರುತ್ತದೆ. ಇಲ್ಲೂ ಹೆಡ್ ಬಿಚ್ಚುವ ಮೊದಲು ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಇಂಜಿನ್ ಹೊಗೆ ಬೆರೆತಿದ್ದರೆ ಅದು ಹಳದಿಗೆ ತಿರುಗುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಲೀಕ್ ನಿಲ್ಲಿಸುವ ಪುಡಿ ಸುರಿಯಲೂ ಬಿಡಬೇಡಿ. ಅದು ಹೀಟರ್, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಳ್ಳಬಹುದು.

ಯಾವ ಪಾರ್ಟ್ ಬದಲಿಸಬೇಕು ಅಂದರೂ ಏನು ಪರೀಕ್ಷೆ ಮಾಡಿದಿರಿ, ಏನು ಸಿಕ್ಕಿತು ಅಂತ ಕೇಳಿ. ಕಂಪ್ರೆಷನ್ ಮಾಡಿದ್ದರೆ ನಾಲ್ಕೂ ಸಿಲಿಂಡರಿನ ಅಂಕಿ ಬರೆದುಕೊಡಲಿ. ಬಿಚ್ಚಿದ ಪಾರ್ಟ್ ವಾಪಸ್ ಕೇಳಿ, ಅದರ ಮೇಲೆ ಆಯಿಲ್, ಸುಟ್ಟ ಗುರುತು ಇದೆಯಾ ನೋಡಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸುವವರು ಪ್ಲಗ್ ಗುಂಡಿಗಳ ಸುತ್ತಲಿನ ಸೀಲ್‌ಗಳನ್ನೂ ಜೊತೆಗೇ ಬದಲಿಸಿ. ಪಿಸಿವಿ ವಾಲ್ವ್ ಕೂಡ ನೋಡಿಸಿ. ನನ್ನದರಲ್ಲಿ ಅದು ಮಸಿ ಹಿಡಿದು ಕಟ್ಟಿಕೊಂಡಿತ್ತು. ಅದು ಕಟ್ಟಿದರೆ ಇಂಜಿನ್ ಒಳಗಿನ ಒತ್ತಡ ಹೊರಗೆ ಹೋಗಲು ದಾರಿ ಸಿಗದೆ ಆಯಿಲ್ ಅನ್ನು ಸೀಲ್‌ಗಳ ಸಂದಿಯಿಂದ ತಳ್ಳುತ್ತದೆ. ಅದನ್ನು ಹಾಗೇ ಬಿಟ್ಟರೆ ಹೊಸ ಪ್ಯಾಕಿಂಗ್ ಕೂಡ ಸೋರಲು ಶುರುವಾಗುತ್ತದೆ.