ಕುವೆಂಪುನಗರದ ಒಂದು ಆಪ್ತಸಮಾಲೋಚನಾ ಕೇಂದ್ರ: ನಂಬಿಕೆದ್ರೋಹದ ನಂತರ ಹೋಗಬಹುದೇ?

ನಿಶ್ಚಿತಾರ್ಥವಾದ ಮೇಲೆ ಹುಡುಗನಿಗೆ ಬೇರೊಂದು ಸಂಬಂಧವಿದೆಯೆಂದು ತಿಳಿದು ಮದುವೆ ನಿಂತುಹೋದರೆ, "ತಾಳಿ ಕಟ್ಟುವ ಮುಂಚೆಯೇ ಗೊತ್ತಾಯಿತಲ್ಲ, ದೇವರು ದೊಡ್ಡವನು" ಎಂದು ಬಂಧುಗಳೆಲ್ಲ ಸಮಾಧಾನ ಹೇಳುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅದರಿಂದ ರಾತ್ರಿ ನಿದ್ದೆ ಬರುವುದಿಲ್ಲ. ನನಗೆ ನೆರವಾದದ್ದು ಮೈಸೂರಿನ ಕುವೆಂಪುನಗರದಲ್ಲಿ, ಮನೆಯೊಂದರ ಮೊದಲ ಮಹಡಿಯಲ್ಲಿರುವ ಸಣ್ಣ ಆಪ್ತಸಮಾಲೋಚನಾ ಕೇಂದ್ರ.

ಮೊದಲ ಭೇಟಿಯಲ್ಲಿ ಅಮ್ಮನೂ ಒಳಗೆ ಬರಲು ಎದ್ದಾಗ ಆಪ್ತಸಮಾಲೋಚಕಿ ಮೇಡಂ ಅಮ್ಮನನ್ನು ಹೊರಗೇ ಕೂರಿಸಿ, "ಇವರು ಒಪ್ಪದೆ ಇಲ್ಲಿ ಆಡಿದ ಮಾತನ್ನು ನಿಮಗೂ ಹೇಳುವಂತಿಲ್ಲ ಅಮ್ಮಾ, ಬೇಸರ ಮಾಡಿಕೊಳ್ಳಬೇಡಿ" ಎಂದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿಯೂ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕೆಂದೇ ಹೇಳಿದೆಯಾದರೂ, ಮಗಳ ಸಂಗತಿಯೆಲ್ಲ ಮನೆಯವರದೇ ಎಂದು ನಂಬಿರುವ ನಮ್ಮಂಥ ಕುಟುಂಬಕ್ಕೆ ಅದನ್ನು ಇಷ್ಟು ಮೆತ್ತಗೆ ತಿಳಿಸುವುದು ಸುಲಭವಲ್ಲ.

ಆತ ವಾಟ್ಸಾಪ್‌ಗೆ ಕೊನೆಯ ಬಾರಿ ಯಾವಾಗ ಬಂದಿದ್ದನೆಂದು ಪದೇ ಪದೇ ನೋಡುವುದು, ಹಳೆಯ ಸಂದೇಶಗಳಲ್ಲಿ ಯಾವುದು ನಿಜ ಯಾವುದು ಸುಳ್ಳು ಎಂದು ತಾರೀಖು ಹಿಡಿದು ಹುಡುಕುವುದು, ಊಟ ಸೇರದಿರುವುದು, ಇವೆಲ್ಲ ಇಂಥ ಆಘಾತದ ನಂತರ ಅನೇಕರಲ್ಲಿ ಕಾಣುವಂಥವು, ಹುಚ್ಚಲ್ಲ ಎಂದು ಅವರು ಬಿಡಿಸಿ ಹೇಳಿದರು. ಫೋನ್ ನೋಡಬೇಕೆನ್ನಿಸಿದಾಗ ಎಷ್ಟು ಗಂಟೆ, ಅದಕ್ಕೆ ಮುಂಚೆ ಏನು ನಡೆದಿತ್ತು ಎಂದು ಬರೆದಿಡಲು ಹೇಳಿದರೇ ಹೊರತು ನೋಡಲೇಬಾರದೆಂದು ಅಪ್ಪಣೆ ಮಾಡಲಿಲ್ಲ. ಇದಕ್ಕೂ ಮೊದಲು ಬೇರೊಂದು ಕಡೆ "ಹೆಣ್ಣುಮಕ್ಕಳಿಗೆ ಕ್ಷಮಾಗುಣವಿರಬೇಕು" ಎಂಬ ಉಪದೇಶ ಕೇಳಿ ಬಂದಿದ್ದ ನನಗೆ, ಇಲ್ಲಿ ಕ್ಷಮೆಯ ಮಾತನ್ನೇ ಯಾರೂ ಎತ್ತದಿದ್ದದ್ದು ದೊಡ್ಡ ಉಪಕಾರವೆನಿಸಿತು.

ದೈವದ ವಿಷಯದಲ್ಲಿ ಅವರು ತೋರಿದ ಸಂಯಮವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ, ಕಾವೇರಿ ದಡದಲ್ಲಿರುವ ನಿಮಿಷಾಂಬ ಬೇಡಿದ್ದನ್ನು ನಿಮಿಷದಲ್ಲಿ ನಡೆಸಿಕೊಡುತ್ತಾಳೆಂಬುದು ನಮ್ಮ ಕಡೆಯ ನಂಬಿಕೆ. ಆತ ಬದಲಾಗಿ ಮರಳಲೆಂದು ಅಲ್ಲಿ ಹರಕೆ ಹೊತ್ತಿದ್ದೆ. ಹಾಗಾಗದಿದ್ದಾಗ ಮನೆಯಲ್ಲಿ ದೀಪ ಹಚ್ಚುವುದನ್ನೂ ಬಿಟ್ಟಿದ್ದೆ. ಮೇಡಂ ಇದನ್ನು ಮೂಢನಂಬಿಕೆ ಎನ್ನಲಿಲ್ಲ, ಪೂಜೆ ಮುಂದುವರಿಸಿ ಎಂದೂ ಹೇಳಲಿಲ್ಲ. "ನಿಮಗೆ ಸಿಟ್ಟಿರುವುದು ದೇವಿಯ ಮೇಲೋ, ಆತನನ್ನು ನಂಬಿದ ನಿಮ್ಮ ಮೇಲೋ?" ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಹಲವು ಭೇಟಿಗಳು ಕಳೆದವು. ಈಗ ಗಂಜಾಂಗೆ ಹೋಗುತ್ತೇನೆ, ಹರಕೆ ಮಾತ್ರ ಹೊರುವುದಿಲ್ಲ.

ಕೊರತೆಗಳೂ ಇವೆ. ಇಷ್ಟೆಲ್ಲ ಗೋಪ್ಯತೆ ಕಾಯುವ ಕೇಂದ್ರದಲ್ಲಿ ಸ್ವಾಗತದ ಹುಡುಗಿ ಕಾಯುವವರೆಲ್ಲರ ಎದುರು ಹೆಸರು ಹಿಡಿದು ಕೂಗುತ್ತಾಳೆ. ಭಾನುವಾರ ರಜೆ, ಸಂಜೆಯ ಸಮಯ ಸಿಗುವುದು ಕಷ್ಟ, ಆದ್ದರಿಂದ ಕೆಲಸಕ್ಕೆ ಹೋಗುವವರು ಅರ್ಧ ದಿನ ರಜೆ ಹಾಕಲೇಬೇಕು. ಒಂದು ಭೇಟಿಗೆ 900 ರೂಪಾಯಿ ಹೆಚ್ಚೆನಿಸಿದರೂ, ರಸೀದಿ ಕೊಡುತ್ತಾರೆ ಮತ್ತು ಗಡಿಯಾರ ನೋಡಿ ಎಬ್ಬಿಸುವುದಿಲ್ಲ.

ಬೋರ್ಡು ಹಾಕಿಕೊಂಡವರೆಲ್ಲ ತರಬೇತಿ ಪಡೆದವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ಸಂಕೋಚವಿಲ್ಲದೆ ಕೇಳಿ. ಇಲ್ಲಿ ಔಷಧಿ ಬರೆಯುವುದಿಲ್ಲ, ಅಗತ್ಯ ಕಂಡರೆ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ನಡುರಾತ್ರಿ ಸಂಕಟ ತಡೆಯಲಾಗದಿದ್ದರೆ ಬೆಳಗಿನವರೆಗೆ ಕಾಯದೆ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.