ಮಗಳಿಗೆಂದು ಕೊಂಡ ಮುಖದ ಟ್ರಿಮ್ಮರ್: ಎರಡು ವರ್ಷ ನಾಲ್ಕು ತಿಂಗಳ ಬಳಕೆಯ ನಂತರ

ಪೆನ್ನಿನಾಕಾರದ, ಒಂದೇ ಎಎಎ ಸೆಲ್ಲಿನಿಂದ ನಡೆಯುವ ಈ ಟ್ರಿಮ್ಮರನ್ನು 2023ರ ಜುಲೈನಲ್ಲಿ 450 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದೆ. ಆಗ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು. ಈಗ ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಇದೇ ಅಚ್ಚಿನ ಟ್ರಿಮ್ಮರನ್ನು ಹತ್ತಾರು ಕಂಪನಿಗಳು ಬೇರೆ ಬೇರೆ ಬಣ್ಣಗಳಲ್ಲಿ ಮಾರುತ್ತಿರುವುದರಿಂದ ಯಾವುದೋ ಒಂದರ ಹೆಸರು ಹಿಡಿದು ಬರೆಯುವ ಅಗತ್ಯ ಕಾಣಲಿಲ್ಲ. ಕೋಲಾರದಲ್ಲಿ ಹದಿನಾರು ವರ್ಷಗಳಿಂದ ಮೆಡಿಕಲ್ ಅಂಗಡಿ ನಡೆಸುತ್ತಿರುವ ನನಗೆ ಕೂದಲು ತೆಗೆಯುವ ಸಾಮಾನುಗಳನ್ನು ಮಾರಿ ಗೊತ್ತಿತ್ತು. ಅವು ಒಂದು ಮನೆಯೊಳಗೆ, ಒಬ್ಬ ಹುಡುಗಿಯ ಕೈಗೆ ಬಂದಾಗ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಮಗಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬರೆದದ್ದನ್ನು ಓದಿ ಅವಳು ಎರಡು ವಾಕ್ಯಗಳನ್ನು ಹೊಡೆದುಹಾಕಿದ್ದಾಳೆ.

2022ರಲ್ಲಿ ಶಾಲೆ ಆರಂಭವಾಗುವ ಹೊತ್ತಿಗೆ ಊರಿನಲ್ಲಿ ಕೋವಿಡ್ ಮಾಸ್ಕ್ ಹೆಚ್ಚುಕಡಿಮೆ ಮರೆಯಾಗಿತ್ತು. ನನ್ನ ಮಗಳು ಮಾತ್ರ ಬಿಡಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಅಂಗಡಿಯ ಡಬ್ಬದಿಂದ ಆರು ಮಾಸ್ಕ್ ಎಣಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು, ಕಿವಿಯ ದಾರ ಸಡಿಲವಾಗಿ ಜಾರಬಾರದೆಂದು ಎರಡೂ ಕಡೆ ಸಣ್ಣ ಗಂಟು ಹಾಕುತ್ತಿದ್ದಳು. ಧೂಳಿಗೆ ಅಲರ್ಜಿ ಎಂದಳು, ನಂಬಿದೆ. ಡಿಸೆಂಬರಿನ ಪೋಷಕರ ಸಭೆಯಲ್ಲಿ ಅವಳ ತರಗತಿಯ ಶಿಕ್ಷಕಿ, "ಮಧ್ಯಾಹ್ನ ಗೋಡೆ ಕಡೆ ತಿರುಗಿ ಕೂತು ಊಟ ಮಾಡ್ತಾಳೆ ಮೇಡಂ, ಮನೇಲೂ ಹಾಗೇನಾ?" ಎಂದು ಕೇಳಿದ ಮೇಲೆ ವಿಷಯ ಹೊರಬಿತ್ತು. ಆ ವರ್ಷದ ಬೇಸಿಗೆಯಲ್ಲಿ ಬಂಗಾರಪೇಟೆಯ ಮದುವೆಯೊಂದರಲ್ಲಿ ಹತ್ತಿರದ ನೆಂಟರೊಬ್ಬರು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಏನೇ, ಅಪ್ಪನ ಮೀಸೆ ನಿನಗೇ ಬಂದುಬಿಟ್ಟಿದೆಯಲ್ಲೇ" ಎಂದಿದ್ದರು. ಪಕ್ಕದಲ್ಲೇ ಕೂತಿದ್ದ ನಾನೂ ಎಲ್ಲರ ಜೊತೆ ನಕ್ಕಿದ್ದೆ. ಅಲ್ಲಿಗೆ ಬಂದಿದ್ದ ಅವಳ ಸಹಪಾಠಿಯೊಬ್ಬಳು ಆ ಮಾತನ್ನು ಶಾಲೆಗೂ ಹೊತ್ತುಕೊಂಡು ಹೋಗಿದ್ದಳು. ಆ ನಗುವಿಗಾಗಿ ಮಗಳ ಬಳಿ ಕ್ಷಮೆ ಕೇಳಿದ್ದೇನೆ, ಆದರೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಜನವರಿಯಲ್ಲಿ, ಶಾಲಾ ವಾರ್ಷಿಕೋತ್ಸವದ ಹಿಂದಿನ ರಾತ್ರಿ, ಅವಳು ನನ್ನ ಅಂಗಡಿಯಿಂದಲೇ ಕೂದಲು ತೆಗೆಯುವ ಕ್ರೀಮಿನ ಟ್ಯೂಬೊಂದನ್ನು ತಂದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮೇಲ್ತುಟಿಗೆ ಹಚ್ಚಿಕೊಂಡಳು. ಹೆಚ್ಚು ಹೊತ್ತು ಬಿಟ್ಟರೆ ಬುಡಸಮೇತ ಹೋಗುತ್ತದೆ ಎಂದುಕೊಂಡು ಇಪ್ಪತ್ತು ನಿಮಿಷ ಬಿಟ್ಟಿದ್ದಳು. ಈ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಇರುವುದು ಥಯೋಗ್ಲೈಕೋಲಿಕ್ ಆಮ್ಲದ ಲವಣ. ಕೂದಲಿನ ಕೆರಾಟಿನ್ ಎಂಬ ಪ್ರೋಟೀನನ್ನು ಗಟ್ಟಿಯಾಗಿ ಹಿಡಿದಿಟ್ಟಿರುವ ಗಂಧಕದ ಬಂಧಗಳನ್ನು ಅದು ಮುರಿಯುತ್ತದೆ, ಕೂದಲು ಮೆತ್ತಗಾಗಿ ಒರೆಸಿದರೆ ಕಿತ್ತು ಬರುತ್ತದೆ. ಆ ಕೆಲಸ ನಡೆಯಬೇಕಾದರೆ ಕ್ರೀಮು ತೀವ್ರ ಕ್ಷಾರವಾಗಿರಬೇಕು; ಅದರ ಪಿಎಚ್ 12ರ ಆಸುಪಾಸಿನಲ್ಲಿರುತ್ತದೆ. ನಮ್ಮ ಚರ್ಮದ ಹೊರಪದರವೂ ಕೆರಾಟಿನ್ನಿನದೇ ಆದ್ದರಿಂದ ಸಮಯ ಮೀರಿದರೆ ಕ್ರೀಮು ಚರ್ಮವನ್ನೂ ಕೂದಲಿನಂತೆಯೇ ಸುಡುತ್ತದೆ. ಬುಡವಂತೂ ಒಳಗೇ ಉಳಿಯುತ್ತದೆ. ಕೆಲವೇ ನಿಮಿಷ ಎಂದು, ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ 24 ಗಂಟೆ ಕಾದು ನೋಡಿ ಎಂದು ಡಬ್ಬದ ಮೇಲೆ ಬರೆದೇ ಇರುತ್ತದೆ. ನಾನು ವರ್ಷಗಟ್ಟಲೆ ಆ ಡಬ್ಬಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟೆನೇ ಹೊರತು ಒಬ್ಬ ಹುಡುಗಿಗೂ ಅದನ್ನು ಓದಿ ಹೇಳಿರಲಿಲ್ಲ. ಬೆಳಿಗ್ಗೆ ಮಗಳ ಮೇಲ್ತುಟಿ ಬೆಂದಂತಾಗಿತ್ತು. ಕೆಂಪು ಇಳಿದ ಮೇಲೆ ಕಪ್ಪು ಕಲೆ ಉಳಿಯಿತು, ಅದು ಮಾಸಲು ನಾಲ್ಕು ತಿಂಗಳು ಹಿಡಿಯಿತು. ಕೂದಲಿಗಿಂತ ಆ ಕಲೆಯೇ ಹೆಚ್ಚು ಕಾಣುತ್ತಿತ್ತು.

ಕಲೆಯನ್ನು ತೋರಿಸಲು ಹೋದಾಗ ಚರ್ಮದ ವೈದ್ಯೆ ಮೊದಲು ಕೇಳಿದ್ದು ಮುಟ್ಟಿನ ವಿಷಯ. ಎಷ್ಟು ದಿನಕ್ಕೊಮ್ಮೆ ಆಗುತ್ತದೆ, ಮೊದಲ ಮುಟ್ಟು ಯಾವಾಗ ಆಯಿತು, ತೂಕ ಏರಿದೆಯೇ ಎಂದು ಕೇಳಿ, ಕುತ್ತಿಗೆಯ ಹಿಂದೆ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದೆಯೇ ಎಂದು ನೋಡಿ, ಗದ್ದ ಮತ್ತು ದವಡೆಯ ಕೆಳಗೆ ಬೆರಳಾಡಿಸಿದರು. ಮೇಲ್ತುಟಿಯಲ್ಲೂ ಕೈಗಳಲ್ಲೂ ಕಾಣುವ ತೆಳು ಕೂದಲು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತಾಯಿಯಿಂದಲೋ ಅಜ್ಜಿಯಿಂದಲೋ ಬಂದದ್ದು, ಅದು ಕಾಯಿಲೆಯಲ್ಲ ಎಂದರು. ಗದ್ದ, ಎದೆ, ಹೊಟ್ಟೆಯ ಮೇಲೆ ಗಂಡಸರಂತೆ ದಪ್ಪ ಕೂದಲು ಬರುತ್ತಿದ್ದರೆ, ಜೊತೆಗೆ ಮುಟ್ಟು ಶುರುವಾಗಿ ಒಂದು ವರ್ಷ ಕಳೆದ ಮೇಲೂ 45 ದಿನಕ್ಕಿಂತ ತಡವಾಗುತ್ತಿದ್ದರೆ ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪಿ ಕೂದಲು ಹೆಚ್ಚುವ ತೊಂದರೆ) ಇದೆಯೇ ಎಂದು ಪರೀಕ್ಷಿಸಬೇಕು. ಕೆಲವೇ ತಿಂಗಳಲ್ಲಿ ಕೂದಲು ಒಮ್ಮೆಲೇ ಹೆಚ್ಚಿ ಧ್ವನಿಯೂ ಗಡಸಾದರೆ ತಡಮಾಡದೆ ತೋರಿಸಬೇಕು. ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಹುಡುಗಿಗೆ ಕೂದಲು ಕಂಡ ಕೂಡಲೇ ಸ್ಕ್ಯಾನಿಂಗ್‌ಗೆ ಓಡುವ ತಾಯಂದಿರನ್ನು ನಾನು ಅಂಗಡಿಯಲ್ಲಿ ನೋಡುತ್ತಿರುತ್ತೇನೆ. ಹದಿಹರೆಯದಲ್ಲಿ ಅಂಡಾಶಯ ಸಹಜವಾಗಿಯೇ ಗುಳ್ಳೆಗುಳ್ಳೆಯಾಗಿ ಕಾಣಬಹುದು. ಆದ್ದರಿಂದಲೇ ಮೊದಲ ಮುಟ್ಟಿನಿಂದ 8 ವರ್ಷದೊಳಗೆ ಸ್ಕ್ಯಾನ್ ನೋಡಿ ಪಿಸಿಓಎಸ್ ಎಂದು ತೀರ್ಮಾನಿಸಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2018ರಲ್ಲೇ ಹೇಳಿದೆ. ಖಾಸಗಿ ವೈದ್ಯರ ಖರ್ಚು ಭಾರವಾಗುವವರು ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ಕಿನಲ್ಲಿ ವಿಚಾರಿಸಬಹುದು.

ಮನೆಯಲ್ಲಿ ನನ್ನ ಅತ್ತೆಯವರು ಕಡಲೆಹಿಟ್ಟಿಗೆ ಕಸ್ತೂರಿ ಅರಿಶಿನ ಕಲಸಿ ಉಜ್ಜಲು ಹೇಳಿದರು. ಅವರ ಕಾಳಜಿ ಸುಳ್ಳಲ್ಲ, ಎಳೆ ಮಗುವಿಗೆ ಹಾಗೆ ಉಜ್ಜಿಯೇ ನೀರು ಹಾಕಿದವರು ಅವರು. ಆದರೆ ಆಗಲೇ ಸುಟ್ಟಿದ್ದ ಚರ್ಮಕ್ಕೆ ಉಜ್ಜಾಟ ಹಿಡಿಸಲಿಲ್ಲ. ಬೇಸಿಗೆ ರಜೆಯಲ್ಲಿ ಪಾರ್ಲರಿಗೆ ಕರೆದುಕೊಂಡು ಹೋಗಿ ದಾರದಲ್ಲಿ ತೆಗೆಸಿದೆವು. ಕಣ್ಣೀರು ಸುರಿಯಿತು, ಮೂರನೆಯ ದಿನ ಕೂದಲ ಬುಡದಲ್ಲೆಲ್ಲ ಸಣ್ಣ ಗುಳ್ಳೆಗಳೆದ್ದವು. ನನಗೆ ಅದಕ್ಕಿಂತ ನೋವಾದದ್ದು, ಮೇಲ್ತುಟಿಗೆಂದು ಹೋದ ಹದಿಮೂರು ವರ್ಷದ ಹುಡುಗಿಗೆ ಅಲ್ಲಿನವರು ಕೈಗೆ ವ್ಯಾಕ್ಸ್, ಹಣೆಯ ಅಂಚಿಗೆ ದಾರ, ಮುಖಕ್ಕೆ ಬ್ಲೀಚ್ ಎಂದು ಒಂದೊಂದಾಗಿ ತೋರಿಸುತ್ತಾ ಹೋದದ್ದು. ಅಲ್ಲಿಯ ತನಕ ಅವಳು ತನ್ನ ಕೈಗಳ ಬಗ್ಗೆ ಯೋಚಿಸಿಯೇ ಇರಲಿಲ್ಲ. ಲೇಸರಿನ ಮಾತೂ ಬಂತು. ಲೇಸರ್ ಕೂದಲಿನ ಕಪ್ಪು ವರ್ಣದ್ರವ್ಯವನ್ನು ಗುರಿಯಾಗಿಸಿ ಸುಡುತ್ತದೆ, ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ತಾಗುವುದರಿಂದ ಹಲವು ಬಾರಿ ಮಾಡಿಸಬೇಕು. ನಮ್ಮಂಥ ಕಂದು ಚರ್ಮದಲ್ಲೂ ಅದೇ ವರ್ಣದ್ರವ್ಯ ಹೆಚ್ಚಾಗಿರುವುದರಿಂದ ಚರ್ಮವೂ ಸುಡದಂತೆ ಯಂತ್ರವನ್ನೂ ಅದನ್ನು ನಡೆಸುವವರ ಕೈಯನ್ನೂ ನೋಡಿ ಆರಿಸಬೇಕು. ಬೆಳೆಯುವ ವಯಸ್ಸಿನಲ್ಲಿ ಅವಸರ ಬೇಡವೆಂದು ವೈದ್ಯೆ ಹೇಳಿದ್ದರು, ಅಲ್ಲಿಗೆ ಬಿಟ್ಟೆವು.

ಟ್ರಿಮ್ಮರ್ ಬಂದದ್ದು ಇದಾದ ಮೇಲೆ, ಮಗಳು ತಾನೇ ಹುಡುಕಿ ತೋರಿಸಿ ಕೇಳಿದ್ದರಿಂದ. ಡಬ್ಬದ ಮೇಲಿನ ಚಿತ್ರದಲ್ಲಿ ಅದನ್ನು ಹಿಡಿದಿರುವ ಹೆಣ್ಣಿನ ಮುಖದಲ್ಲಿ ತೆಗೆಯುವುದಕ್ಕೆ ಒಂದು ಕೂದಲೂ ಇಲ್ಲ. ಅದನ್ನು ಮೊದಲು ಗಮನಿಸಿ ನನಗೆ ತೋರಿಸಿದವಳು ಅವಳೇ. ಸಾಧನ ಸರಳವಾಗಿದೆ. ಬ್ಲೇಡಿನ ಮುಂದೆ ಬಾಚಣಿಗೆಯಂಥ ಉಕ್ಕಿನ ಹಲ್ಲುಗಳಿರುವುದರಿಂದ ಅಲಗು ನೇರವಾಗಿ ಚರ್ಮಕ್ಕೆ ತಾಗುವುದಿಲ್ಲ. ಇಷ್ಟು ದಿನಗಳಲ್ಲಿ ಒಮ್ಮೆಯೂ ಗಾಯವಾಗಿಲ್ಲ, ಗುಳ್ಳೆಯೂ ಎದ್ದಿಲ್ಲ. ಒಣ ಚರ್ಮದ ಮೇಲೆ ಚೂರು ಪೌಡರ್ ಹಾಕಿ, ಮೇಲ್ತುಟಿಯನ್ನು ಹಲ್ಲಿನ ಮೇಲೆ ಬಿಗಿಯಾಗಿ ಎಳೆದುಕೊಂಡು, ಕೂದಲಿಗೆ ಎದುರಾಗಿ ಎರಡು ಸಲ ಆಡಿಸಿದರೆ ಮುಗಿಯಿತು. ನಮ್ಮ ಊರಿನ ಬೋರ್‌ವೆಲ್ ನೀರು ಎಷ್ಟು ಗಡಸೆಂಬುದು ಇಲ್ಲಿಯವರಿಗೆ ಗೊತ್ತು. ಸೋಪು ನೊರೆಯೇ ಬಾರದ ನೀರಿನಲ್ಲಿ ರೇಜರ್ ಆಡಿಸುವುದಕ್ಕಿಂತ ನೀರೇ ಬೇಡದ ಈ ಸಾಧನ ಎಷ್ಟೋ ವಾಸಿ. ಆದರೆ ಇದು ಪೂರ್ತಿ ನುಣುಪು ಮಾಡುವುದಿಲ್ಲ. ಅರ್ಧ ಮಿಲಿಮೀಟರಿನಷ್ಟು ಉಳಿಯುತ್ತದೆ, ನಾಲ್ಕನೆಯ ದಿನಕ್ಕೆ ಬೆರಳಿಗೆ ತರಿತರಿ ಸಿಗುತ್ತದೆ. ನುಣುಪೇ ಬೇಕೆನ್ನುವವರಿಗೆ ನಿರಾಸೆಯಾಗುತ್ತದೆ. ಸದ್ದೂ ಇದೆ, ದೊಡ್ಡ ನೊಣದಂತೆ ಗುಂಯ್‌ಗುಡುತ್ತದೆ. ಮೊದಲ ತಿಂಗಳುಗಳಲ್ಲಿ ಆ ಸದ್ದು ಅಜ್ಜಿಗೆ ಕೇಳಿಸದಿರಲೆಂದು ಮಗಳು ಬಚ್ಚಲಿನ ನಲ್ಲಿ ಬಿಟ್ಟುಕೊಳ್ಳುತ್ತಿದ್ದಳು.

"ಬೋಳಿಸಿದರೆ ದಪ್ಪ ಬರುತ್ತಾ ಆಂಟಿ?" ಎಂಬುದು ನನ್ನ ಕೌಂಟರಿನಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ. ಮಗಳಿಗೂ ಅದೇ ಹೆದರಿಕೆಯಿತ್ತು. ಅಮೆರಿಕದ ಶರೀರರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ, ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಹೆಚ್ಚುವುದಿಲ್ಲವೆಂದು ತೋರಿಸಿದ್ದರು. ನಾನು ಹೇಳಿದ್ದನ್ನು ಮಗಳು ನಂಬಲಿಲ್ಲ. ಎಡ ಮುಂಗೈ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಬಾಲ್‌ಪೆನ್ನಿನಲ್ಲಿ ವೃತ್ತ ಎಳೆದುಕೊಂಡು, ಅದರೊಳಗಿನ ಕೂದಲನ್ನಷ್ಟೇ ಹತ್ತು ದಿನಕ್ಕೊಮ್ಮೆ ಐದು ತಿಂಗಳು ಕತ್ತರಿಸಿದಳು. ಸ್ನಾನದಲ್ಲಿ ಅಳಿಸಿಹೋದಂತೆಲ್ಲ ಮತ್ತೆ ಎಳೆದುಕೊಳ್ಳುತ್ತಿದ್ದಳು. ನಂತರ ಎರಡು ತಿಂಗಳು ಬೆಳೆಯಲು ಬಿಟ್ಟು, ಆ ಜಾಗವನ್ನೂ ಬಲಗೈಯನ್ನೂ ಭೂತಗನ್ನಡಿಯಲ್ಲಿ ಹೋಲಿಸಿ ನೋಡಿದರೆ ಯಾವುದು ಎಲ್ಲಿಯದೆಂದು ಇಬ್ಬರಿಗೂ ಹೇಳಲಾಗಲಿಲ್ಲ. ಕತ್ತರಿಸಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಹೊಸತರಲ್ಲಿ ಒರಟಾಗಿ ಕಾಣುತ್ತದೆ, ಅಷ್ಟೆ. ಆ ಪ್ರಯೋಗ ಮುಗಿದ ಮೇಲೆ ಅವಳು ಕೈಗಳ ಕೂದಲನ್ನು ತೆಗೆಯುವ ಮಾತೇ ಎತ್ತಿಲ್ಲ.

2024ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಹತ್ತನೆಯ ತರಗತಿ ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಮೊದಲಿಗಳಾದ ಹುಡುಗಿಯೊಬ್ಬಳ ಭಾವಚಿತ್ರ ಪ್ರಕಟವಾದಾಗ, ಜನ ಅವಳ ಅಂಕ ಬಿಟ್ಟು ಮೇಲ್ತುಟಿಯ ಕೂದಲನ್ನು ಹಿಡಿದು ಆಡಿಕೊಂಡರು. ನನ್ನ ಮಗಳು ಆಗ ತಾನೂ ಹತ್ತನೆಯ ತರಗತಿಗೆ ಹೋಗುವವಳು. ಫೋನು ಕೆಳಗಿಟ್ಟು, "ಸ್ಟೇಟ್‌ಗೆ ಫಸ್ಟ್ ಬಂದರೂ ಬಿಡಲ್ಲ ಅಂದರೆ ನನ್ನನ್ನ ಬಿಡ್ತಾರಾ ಅಮ್ಮ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆ ವಾರ ಅವಳು ಮೂರು ಬಾರಿ ಟ್ರಿಮ್ಮರ್ ಹಿಡಿದಳು. ಹಿಂದಿರುಗಿ ನೋಡಿದರೆ ಅವಳು ಇದನ್ನು ಎಷ್ಟು ಸಲ ಬಳಸುತ್ತಿದ್ದಳೆಂಬುದಕ್ಕೂ ಕೂದಲು ಎಷ್ಟು ಬೆಳೆದಿತ್ತೆಂಬುದಕ್ಕೂ ಸಂಬಂಧ ಕಡಿಮೆ. ಯಾರು ಏನೆಂದರು ಎಂಬುದಕ್ಕೇ ಹೆಚ್ಚು. ನೆಂಟರ ಮನೆಯ ಕಾರ್ಯವಿದ್ದರೆ ಹಿಂದಿನ ದಿನ ತಪ್ಪದೆ ಆ ಸದ್ದು ಕೇಳುತ್ತಿತ್ತು. ಇಂಥ ಸಾಧನದಲ್ಲಿ ನಾನು ಬೆಲೆ ಕೊಡುವ ಗುಣ ಇದೊಂದೇ: ಅವಳಿಗೆ ಬೇಡವೆನಿಸಿದ ದಿನ ಕೆಳಗಿಡಬಹುದು, ಕಲೆ ಉಳಿಯುವುದಿಲ್ಲ, ಮುಂದಿನ ತಾರೀಖು ಕೊಟ್ಟು ಕರೆಯುವವರಿಲ್ಲ, ಮುಂಗಡ ಕಟ್ಟಿದ ಹಣವಿಲ್ಲ.

ದೋಷಗಳೂ ಇವೆ. ಪ್ಲಾಸ್ಟಿಕ್ ಮುಚ್ಚಳ ಏಳನೆಯ ತಿಂಗಳಿಗೆ ಸೀಳಿತು, ಈಗ ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ. ಒಂದೂವರೆ ವರ್ಷ ತುಂಬುವ ಮೊದಲೇ ಬ್ಲೇಡು ಮೊಂಡಾಗಿ ಕೂದಲನ್ನು ಕತ್ತರಿಸುವ ಬದಲು ಎಳೆಯತೊಡಗಿತು. ಬ್ಲೇಡು ಮಾತ್ರ ಬೇರೆಯಾಗಿ ಸಿಗುವುದಿಲ್ಲ. ಕಂಪನಿಗೆ ಎರಡು ಸಲ ಫೋನ್ ಮಾಡಿದರೂ ಹೊಸದನ್ನೇ ಕೊಳ್ಳಿ ಎಂಬ ಉತ್ತರ ಬಂತು. ಜೊತೆಗೆ ಕೊಟ್ಟ ಬ್ರಷ್ಷಿನಿಂದ ಪ್ರತಿ ಸಲ ಕೂದಲಿನ ಪುಡಿ ತೆಗೆದು ವಾರಕ್ಕೊಮ್ಮೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ ಮೇಲೆ ಎಳೆತ ಬಹುಮಟ್ಟಿಗೆ ಕಡಿಮೆಯಾಗಿದೆ. ದೊಡ್ಡ ತೊಂದರೆಯಾದದ್ದು ಈ ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ತೆಗೆದು ನೋಡಿದರೆ ಸೆಲ್ ಸೋರಿ, ಒಳಗಿನ ಸ್ಪ್ರಿಂಗಿನ ಸುತ್ತ ಬಿಳಿ ಪುಡಿ ಗಟ್ಟಿಕಟ್ಟಿತ್ತು. ಸೆಲ್ ತೆಗೆಯದೆ ನಾಲ್ಕು ತಿಂಗಳು ಮುಟ್ಟದೇ ಇಟ್ಟಿದ್ದರಿಂದ ಹಾಗಾಗಿತ್ತು. ಆ ನಾಲ್ಕು ತಿಂಗಳು ಅವಳು ಟ್ಯೂಷನ್ನಿಗೂ ಪರೀಕ್ಷೆಗೂ ಮಾಸ್ಕಿಲ್ಲದೆ, ಮೇಲ್ತುಟಿಯ ಕೂದಲಿನೊಂದಿಗೇ ಹೋಗಿಬಂದಿದ್ದಳು ಎಂಬುದು ನನ್ನ ಗಮನಕ್ಕೆ ಬಂದದ್ದು ಆ ಪುಡಿಯನ್ನು ನೋಡಿದಾಗ. ಆಲ್ಕಲೈನ್ ಸೆಲ್ ಆಗಿದ್ದರಿಂದ ಹತ್ತಿಗೆ ನಿಂಬೆರಸ ಅದ್ದಿ ಒರೆಸಿ, ಒಣಗಿಸಿ, ಹೊಸ ಸೆಲ್ ಹಾಕಿದೆವು. ಓಡಿತು.

ಅಂಗಡಿಯಲ್ಲಿ ಹುಡುಗಿಯರು ಈಗಲೂ ಗಂಡಸರು ಹೋಗುವ ತನಕ ಕೆಮ್ಮಿನ ಮಾತ್ರೆ ಕೊಳ್ಳುವ ನೆಪದಲ್ಲಿ ನಿಂತಿರುತ್ತಾರೆ. ಕ್ರೀಮು ಕೇಳಿದರೆ ಕೊಡುತ್ತೇನೆ. ಮುಂಗೈಗೆ ಹಚ್ಚಿ ಒಂದು ದಿನ ಕಾಯಿರಿ, ಗಡಿಯಾರ ನೋಡಿಕೊಳ್ಳಿ, ಮುಖಕ್ಕೆ ಎಂದು ಬರೆದಿರದಿದ್ದರೆ ಮುಖಕ್ಕೆ ಬೇಡ ಎಂದು ಡಬ್ಬ ತಿರುಗಿಸಿ ಓದಿಸುತ್ತೇನೆ. ಟ್ರಿಮ್ಮರನ್ನೂ ತರಿಸಿ ಇಟ್ಟಿದ್ದೇನೆ. ಮಗಳಿಗೆ ಆಶ್ಚರ್ಯವಾಗುವಂತೆ ಕೊಡೋಣವೆಂದು ಕೇಳುವ ತಾಯಂದಿರಿಗೆ ಮಾತ್ರ ಮಾರುವುದಿಲ್ಲ. ಹುಡುಗಿ ತಾನಾಗಿ ಕೇಳಿದ್ದಾಳೆಯೇ ಎಂದು ವಿಚಾರಿಸಿ, ಇಲ್ಲವೆಂದರೆ ವಾಪಸ್ ಕಳಿಸುತ್ತೇನೆ. ಕೇಳದ ಹುಡುಗಿಯ ಕೈಗೆ ಇದನ್ನಿಟ್ಟರೆ ನಾನು ಮದುವೆಮನೆಯಲ್ಲಿ ನಕ್ಕದ್ದಕ್ಕಿಂತ ಅದು ಬೇರೆಯಲ್ಲ.

ಐದಕ್ಕೆ ಮೂರೂವರೆ ನಕ್ಷತ್ರ ಕೊಡುತ್ತೇನೆ. ಬ್ಲೇಡು ಬೇರೆಯಾಗಿ ಸಿಗುವಂತಾದರೆ ನಾಲ್ಕೂವರೆ. ಈಗ ಮಗಳು ಇದನ್ನು ಬಚ್ಚಲಿನಲ್ಲಿ ಬಳಸುವುದಿಲ್ಲ. ಅಂತರಗಂಗೆ ಬೆಟ್ಟದ ಕಡೆಗಿರುವ ಕಿಟಕಿಯ ಸರಳಿಗೆ ಸಣ್ಣ ಕನ್ನಡಿ ಸಿಕ್ಕಿಸಿ, ಅಜ್ಜಿ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದರೂ ಬೆಳಗಿನ ಬೆಳಕಿನಲ್ಲಿ ಎರಡು ನಿಮಿಷದಲ್ಲಿ ಮುಗಿಸುತ್ತಾಳೆ. ಮುಗಿದ ಮೇಲೆ ಸೆಲ್ ಹೊರತೆಗೆದು ಬೇರೆ ಇಡುತ್ತಾಳೆ. ಕಳೆದ ಸಲ ಸೆಲ್ ಹಾಕಿದ್ದು ದಸರಾ ರಜೆಯಲ್ಲಿ.